ತಲೆಗೆ ಪೆಟ್ಟು ಬಿದ್ದು ಮೂರು ತಿಂಗಳಾಯ್ತು, ಸ್ಕ್ಯಾನ್ ನಾರ್ಮಲ್. ಆದರೂ ತಲೆನೋವು, ಮರೆವು ಹೋಗಿಲ್ಲ. ಇದು ಬರೀ ಮನಸ್ಸಿನದ್ದಾ?

ಬರೀ ಮನಸ್ಸಿನದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನೋವು ನಿಜವೇ. ಆದರೆ ಅದು ಇಷ್ಟು ದಿನ ಎಳೆಯುವುದರಲ್ಲಿ ಮನಸ್ಸಿನ ಪಾಲೂ ಇದೆ. ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಿ ಸ್ವಲ್ಪ ಕಾಲ ಅದರ ಕೆಲಸ ಏರುಪೇರಾಗುವುದು) ಆದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಮೊದಲೇ ಆತಂಕ, ಖಿನ್ನತೆ ಇದ್ದವರಿಗೆ ಜಾಸ್ತಿ ದಿನ ಹಿಡಿಯಬಹುದು.

ಬೀಗದ ಕೈ ಎಲ್ಲಿಟ್ಟೆ ಅಂತ ಮರೆಯುತ್ತೀರಿ ಅಂದುಕೊಳ್ಳಿ. ಪೆಟ್ಟು ಬೀಳುವ ಮುಂಚೆಯೂ ಮರೆಯುತ್ತಿದ್ದಿರಿ, ಅಲ್ವಾ? ಆಗ ಸುಮ್ನೆ ಹುಡುಕುತ್ತಿದ್ದಿರಿ, ಈಗ 'ಮೆದುಳೇ ಹಾಳಾಯ್ತು' ಅಂತ ಎದೆ ಢವಗುಟ್ಟುತ್ತದೆ, ಆ ಗಾಬರಿಗೆ ಕತ್ತು ಬಿಗಿಯುತ್ತದೆ, ನಿದ್ದೆ ಕೆಡುತ್ತದೆ, ಬೆಳಗ್ಗೆ ತಲೆನೋವು ಇನ್ನೂ ಜೋರು. ಅದಕ್ಕೆ ಹೆದರಿ ಕೆಲಸ, ಓಡಾಟ ಎಲ್ಲ ಬಿಟ್ಟು ಕತ್ತಲೆ ಕೋಣೆಯಲ್ಲಿ ಮಲಗಿದರೆ ಚೇತರಿಕೆ ಇನ್ನೂ ತಡವಾಗುತ್ತದೆ. (ಹಿಂದೆ ಡಾಕ್ಟರುಗಳೇ ಹಾಗೆ ಮಲಗಿ ಅನ್ನುತ್ತಿದ್ದರು ಬಿಡಿ.) ಈಗಿನ ಸಲಹೆ, ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಆಮೇಲೆ ನಿಧಾನವಾಗಿ ನಡಿಗೆ ಶುರು. ತಲೆನೋವು ಸ್ವಲ್ಪ ಹೊತ್ತು ತುಸು ಏರಿದರೂ ಪರವಾಗಿಲ್ಲ.

ನಿಮಗೆ ಮೂರು ತಿಂಗಳಾಗಿದೆ, ಹಾಗಾಗಿ ಕತ್ತು, ಕಣ್ಣು, ಸಮತೋಲನ ಪರೀಕ್ಷೆ ಮಾಡಿಸಿ. ಜೊತೆಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಮಾಡುವ ಮನಶ್ಶಾಸ್ತ್ರಜ್ಞರನ್ನೂ ನೋಡಿ. ಪದೇ ಪದೇ ವಾಂತಿ, ಫಿಟ್ಸ್, ಕೈಕಾಲಲ್ಲಿ ಶಕ್ತಿ ಇಲ್ಲದಂತಾದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.