ನಿರೀಕ್ಷೆ ಬಿಡಬೇಡಿ, ಬರೆದಿಡಿ

ನೀವು ಕೇಳಿರುವುದು ಇಷ್ಟು: "ನಿರೀಕ್ಷೆ ಇಟ್ಟುಕೊಳ್ಳಬೇಡ, ತಪ್ಪಿನಿಂದ ಕಲಿ, ಬದಲಾವಣೆಗೆ ಹೊಂದಿಕೋ ಅಂತ ಎಲ್ಲರೂ ಹೇಳುತ್ತಾರೆ. ಮೂರನ್ನೂ ಪ್ರಯತ್ನಿಸಿ ನೋಡಿದೆ. ಆದರೂ ಒಪ್ಪಿಕೊಂಡ ಕೆಲಸ ಹೇಳಿದ ದಿನಕ್ಕೆ ಮುಗಿಯುವುದಿಲ್ಲ, ಅದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ನಾನು ಬೆಳೆಯುತ್ತಿದ್ದೇನಾ, ಇಲ್ಲವಾ?"

ಮೊದಲು ಆ ಮೊದಲನೇ ಸಲಹೆಯನ್ನು ಬಿಟ್ಟುಬಿಡಿ. ನಿರೀಕ್ಷೆಯೇ ಇಲ್ಲದಿದ್ದರೆ ತಪ್ಪಾಗಿದೆ ಅಂತ ಗೊತ್ತಾಗುವುದಾದರೂ ಹೇಗೆ? ಹೀಗಾಗುತ್ತದೆ ಅಂದುಕೊಂಡಿರುತ್ತೀರಿ, ಇನ್ನೇನೋ ಆಗುತ್ತದೆ. ಆ ಎರಡರ ನಡುವಿನ ಅಂತರದಲ್ಲೇ ಕಲಿಯಲು ಏನಾದರೂ ಇರುವುದು. ನಮ್ಮ ಮೆದುಳು ಕೂಡ ಹೆಚ್ಚುಕಮ್ಮಿ ಹೀಗೇ ಕೆಲಸ ಮಾಡುತ್ತದೆ. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಜ್ ಮಂಗಗಳ ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಹೊರಬಿಡುವ ಕೋಶಗಳನ್ನು ಗಮನಿಸಿದರು. ಎಣಿಸದೇ ಇದ್ದಾಗ ಹಣ್ಣಿನ ರಸ ಸಿಕ್ಕಿದರೆ ಆ ಕೋಶಗಳು ಚುರುಕಾಗುತ್ತಿದ್ದವು. ಎಣಿಸಿದ ಹಾಗೇ ಸಿಕ್ಕಿದರೆ ವಿಶೇಷ ಏನೂ ಇಲ್ಲ. ಬರಬೇಕಾದ ರಸ ಬರದಿದ್ದರೆ ಮಾಮೂಲಿಗಿಂತ ಮಂಕಾಗುತ್ತಿದ್ದವು. ಅಂದರೆ ಸಿಕ್ಕಿದ್ದು ಎಷ್ಟು ಅನ್ನುವುದಕ್ಕಿಂತ, ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದೇ ಅಲ್ಲಿ ಲೆಕ್ಕಕ್ಕೆ ಬರುತ್ತಿತ್ತು.

ನಿರೀಕ್ಷೆ ಬೇಡ ಅನ್ನುವವರು ಬಹುಶಃ ಬೇರೆಯವರ ಮೇಲೆ ನಾವು ಇಟ್ಟುಕೊಳ್ಳುವ ನಿರೀಕ್ಷೆಯ ಬಗ್ಗೆ ಹೇಳುತ್ತಿರಬಹುದು. ಅವರು ಫೋನ್ ಮಾಡಲೇಬೇಕಿತ್ತು, ಇವರು ಹೊಗಳಲೇಬೇಕಿತ್ತು ಅನ್ನುವಂಥದ್ದು. ಅದನ್ನು ಕಡಿಮೆ ಮಾಡಿಕೊಂಡರೆ ನೆಮ್ಮದಿ ಜಾಸ್ತಿ, ಒಪ್ಪುತ್ತೇನೆ. ಆದರೆ ನಿಮ್ಮ ತೊಂದರೆ ಅದಲ್ಲವಲ್ಲ.

ನಿಮ್ಮ ತೊಂದರೆ ತುಂಬಾ ಹಳೆಯದು, ತುಂಬಾ ಜನರಿಗೆ ಇರುವಂಥದ್ದು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ಕೂತರೆ? ಆಗ ಸುಮಾರು 49 ದಿನ ಅಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ! ತೀರಾ ಕೆಟ್ಟದ್ದನ್ನು ಊಹಿಸಿಕೊಂಡು ಹೇಳಿದ ಲೆಕ್ಕವೂ ಸಾಲಲಿಲ್ಲ. ಇವರಿಗೆ ಅನುಭವ ಇರಲಿಲ್ಲ ಅಂತಲೂ ಅಲ್ಲ. ಹಿಂದಿನ ಕೆಲಸಗಳು ತಡವಾಗಿದ್ದು ನೆನಪಿರುತ್ತದೆ. ಆದರೆ ಅದಕ್ಕೆ ಪ್ರತಿಸಲವೂ ಒಂದು ಬೇರೆ ಕಾರಣ ಸಿಕ್ಕಿರುತ್ತದೆ. ಆಗ ಜ್ವರ ಬಂದಿತ್ತು, ಅದರ ಹಿಂದಿನ ಸಲ ಕಂಪ್ಯೂಟರ್ ಕೈಕೊಟ್ಟಿತ್ತು, ಈ ಸಲ ಅಂಥದ್ದೇನೂ ಆಗಲ್ಲ ಅಲ್ವಾ ಅನ್ನುವ ಧೈರ್ಯ. ಪ್ರತಿಯೊಂದು ಕಾರಣವೂ ನಿಜ ಇರಬಹುದು. ಆದರೆ ಒಟ್ಟಿಗೆ ಇಟ್ಟು ನೋಡಿದರೆ, ಏನೋ ಒಂದು ಅಡ್ಡ ಬಂದೇ ಬರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ನಿಜ.

ಇನ್ನೂ ಒಂದು ಮಜಾ ಇದೆ. ಇನ್ನೊಬ್ಬರು ಯಾವಾಗ ಮುಗಿಸುತ್ತಾರೆ ಅಂತ ಕೇಳಿದಾಗ ಜನ ಇಷ್ಟು ಆಶಾವಾದಿಗಳಾಗಿರಲಿಲ್ಲ. ಬೇರೆಯವರ ವಿಷಯಕ್ಕೆ ಬಂದಾಗ ನಮ್ಮ ಕಣ್ಣು ಚುರುಕು, ಅವರ ಹಳೆಯ ಚರಿತ್ರೆ ತಕ್ಷಣ ನೆನಪಾಗುತ್ತದೆ. ನಮ್ಮ ವಿಷಯಕ್ಕೆ ಬಂದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈಗ ಎರಡನೇ ಸಲಹೆ. ತಪ್ಪು ತಾನಾಗಿಯೇ ಪಾಠ ಕಲಿಸುತ್ತದೆ ಅಂತ ಭಾಷಣ ಮಾಡುವವರ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಹಾಗಿದ್ದಿದ್ದರೆ ನಾವೆಲ್ಲ ಇಷ್ಟು ಹೊತ್ತಿಗೆ ಮಹಾ ಜ್ಞಾನಿಗಳಾಗಿರಬೇಕಿತ್ತು. ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಅಯಲೆಟ್ ಫಿಶ್‌ಬಾಖ್ 2019ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕಷ್ಟದ ಪ್ರಶ್ನೆಗಳು, ಪ್ರತಿಯೊಂದಕ್ಕೂ ಎರಡೇ ಆಯ್ಕೆ. ಕೆಲವರಿಗೆ ಸರಿ ಉತ್ತರ ಕೊಟ್ಟದ್ದು ಯಾವುದಕ್ಕೆ ಅಂತ ಮಾತ್ರ ತಿಳಿಸಿದರು, ಇನ್ನು ಕೆಲವರಿಗೆ ತಪ್ಪಿದ್ದು ಯಾವುದು ಅಂತ ಮಾತ್ರ. ಇರುವುದು ಎರಡೇ ಆಯ್ಕೆ ಆದ್ದರಿಂದ ಒಂದು ತಪ್ಪು ಅಂದರೆ ಇನ್ನೊಂದು ಸರಿ ಅಂತ ಮಗುವಿಗೂ ಗೊತ್ತಾಗಬೇಕು. ಆದರೂ ತಪ್ಪಿನ ಸುದ್ದಿ ಕೇಳಿದವರು ಕಲಿತದ್ದು ಕಡಿಮೆ. ಸೋತೆ ಅಂತ ಗೊತ್ತಾದ ಕೂಡಲೇ ಮನಸ್ಸು ಅಲ್ಲಿಂದ ಕಾಲು ಕಿತ್ತಿರುತ್ತದೆ, ಯಾಕೆಂದರೆ ಅಲ್ಲೇ ನಿಂತು ನೋಡುವುದು ನೋವಿನ ಕೆಲಸ. ಅದೇ ಬೇರೆಯವರ ತಪ್ಪನ್ನು ನೋಡಿ ಕಲಿಯುವಾಗ ಈ ತೊಡಕು ಇರಲಿಲ್ಲ. ತಪ್ಪಿನಿಂದಲೂ ಸರಿಯಿಂದಲೂ ಒಂದೇ ಸಮ ಕಲಿತರು.

ಹಾಗಾಗಿ ನನ್ನ ಮಟ್ಟಿಗೆ ವಿಷಯ ಇದು: ನಿಮ್ಮನ್ನು ನೀವು ಇನ್ನೊಬ್ಬರನ್ನು ನೋಡಿದ ಹಾಗೆ ನೋಡಲು ಏನಾದರೂ ದಾರಿ ಬೇಕು. ಅದಕ್ಕೆ ನಾನು ಒಂದು ಸಾದಾ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಯಾವುದಾದರೂ ಕೆಲಸ ಅಥವಾ ನಿರ್ಧಾರ ಕೈಗೆತ್ತಿಕೊಳ್ಳುವ ಮೊದಲು ಏನಾಗುತ್ತದೆ ಅಂದುಕೊಂಡಿದ್ದೇನೆ, ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ಕೈಕೊಡಬಹುದು ಅಂತ ಎರಡು ಸಾಲು, ತಾರೀಕು ಹಾಕಿ. ಮುಗಿದ ಮೇಲೆ ಅದರ ಕೆಳಗೆ ಆಗಿದ್ದೇನು ಅಂತ ಇನ್ನೊಂದು ಸಾಲು. ಹೊಗಳಿಕೆ ಬೇಡ, ಬೈಗುಳವೂ ಬೇಡ. ಸ್ವಲ್ಪ ದಿನ ಕಳೆದ ಮೇಲೆ ಓದಿದರೆ ಯಾರೋ ಪರಿಚಯದವರು ಬರೆದ ಹಾಗಿರುತ್ತದೆ, ಆ ಪರಿಚಯದವರು ಎಲ್ಲಿ ಜಾರುತ್ತಾರೆ ಅಂತ ನಿಮಗೆ ತಟ್ಟನೆ ಕಾಣುತ್ತದೆ.

ಮೊದಲೇ ಬರೆಯುವುದು ಯಾಕೆ ಮುಖ್ಯ ಅಂದರೆ ನಮ್ಮ ನೆನಪನ್ನು ನಂಬುವ ಹಾಗಿಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೂ ಮಾಸ್ಕೋಗೂ ಹೋಗುವ ಮೊದಲು, ಅಲ್ಲಿ ಏನೇನು ಆಗಬಹುದು ಅಂತ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಂದ ಅಂದಾಜು ಪಡೆದಿದ್ದರು. ಭೇಟಿ ಮುಗಿದ ಮೇಲೆ, ಆಗ ನೀವು ಏನು ಹೇಳಿದ್ದಿರಿ ನೆನಪಿಸಿಕೊಳ್ಳಿ ಅಂದರು. ಯಾವುದು ನಡೆದಿತ್ತೋ ಅದು ನಡೆಯುತ್ತದೆ ಅಂತ ತಾವು ಮೊದಲೇ ಹೆಚ್ಚು ಗಟ್ಟಿಯಾಗಿ ಹೇಳಿದ್ದಾಗಿ ಜನ ನೆನಪಿಸಿಕೊಂಡರು. ನನಗೆ ಆಗಲೇ ಗೊತ್ತಿತ್ತು ಅನ್ನುವುದು ನಾವೆಲ್ಲ ಆಡುವ ಮಾತು. ಮೊದಲೇ ಗೊತ್ತಿದ್ದವನಿಗೆ ಕಲಿಯಲು ಏನೂ ಉಳಿದಿರುವುದಿಲ್ಲ, ಅದೇ ಕಷ್ಟ. ಬರೆದಿಟ್ಟದ್ದು ಕಣ್ಣೆದುರಿಗೆ ಇದ್ದರೆ ಹಾಗೆ ಜಾರಿಕೊಳ್ಳಲು ಆಗಲ್ಲ.

ಬದಲಾವಣೆಗೆ ಬರೋಣ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆ ಇದೆ, ನಾನು ಇರುವುದೇ ಹೀಗೆ ಅಂತ ನಾವೂ ಸೇರಿಸಿಕೊಳ್ಳುತ್ತೇವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಹಿಂದಿನ 10 ವರ್ಷಗಳಲ್ಲಿ ಎಷ್ಟು ಬದಲಾಗಿದ್ದೀರಿ ಅಂತ ಕೇಳಿದರೆ ಸಾಕಷ್ಟು ಅನ್ನುತ್ತಿದ್ದರು. ಮುಂದಿನ 10 ವರ್ಷಗಳಲ್ಲಿ? ಅಷ್ಟೇನಿಲ್ಲ. 30ರವರೂ ಹಾಗೇ ಹೇಳಿದರು, 50ರವರೂ ಹಾಗೇ. ಬೆಳೆಯುವುದೆಲ್ಲ ಬೆಳೆದಾಯಿತು, ಈಗಿರುವುದೇ ಕೊನೆಯ ರೂಪ ಅಂತ ಪ್ರತಿ ವಯಸ್ಸಿನಲ್ಲೂ ಅನ್ನಿಸುತ್ತದಂತೆ. ಹಾಗಾಗಿ "ನಾನು ಬೆಳೆಯುತ್ತಿದ್ದೇನಾ" ಅನ್ನುವ ನಿಮ್ಮ ಅನುಮಾನವನ್ನು ನಾನು ಜಾಸ್ತಿ ನಂಬುವುದಿಲ್ಲ. ಒಳಗಿಂದ ಅದು ಕಾಣುವಂಥದ್ದಲ್ಲ.

ಹಾಗಂತ ಬದಲಾವಣೆ ಅಂದಿದ್ದೆಲ್ಲ ಒಳ್ಳೆಯದು ಅಂತಲೂ ನಾನು ಹೇಳುವುದಿಲ್ಲ. ಸುಮ್ನೆ ಎಲ್ಲದಕ್ಕೂ ಹೊಂದಿಕೊಳ್ಳುತ್ತಾ ಹೋದರೆ ಕೊನೆಗೆ ಬೇರೆಯವರ ಅನುಕೂಲಕ್ಕೆ ತಕ್ಕ ಹಾಗೆ ಬದಲಾಗಿರುತ್ತೀರಿ. ಒಪ್ಪಿಕೊಂಡ ತಾರೀಕು ನಿಜವಾಗಿಯೂ ನೀವೇ ಹೇಳಿದ್ದಾ, ಅಥವಾ ಮೇಲಿನವರು ಹೇಳಿದ್ದಕ್ಕೆ ತಲೆಯಾಡಿಸಿದ್ದಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಎರಡನೆಯದಾದರೆ ತಿದ್ದಿಕೊಳ್ಳಬೇಕಾದದ್ದು ಬೇರೆ.

ಇನ್ನು ಬದಲಾಗಬೇಕು ಅಂತ ತೀರ್ಮಾನಿಸಿದ ಮೇಲೆ ಎಷ್ಟು ದಿನ? 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದಾಗ ಹಾಗೆ ಕಾಣಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ. ಆ 12 ವಾರಗಳ ಗತಿ ನೋಡಿ ಅವರು ಮಾಡಿದ ಅಂದಾಜಿನಲ್ಲಿ ಅದು 18 ದಿನದಿಂದ ಹಿಡಿದು 254 ದಿನದವರೆಗೆ ಹರಡಿತ್ತು, ನಡುವಿನ ಅಂಕಿ 66. ನಿಮಗೆ ಉಪಯೋಗ ಆಗುವ ವಿಷಯ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ. 21 ದಿನ ಅಂತ ನಂಬಿಕೊಂಡು ಹೊರಟವರು 22ನೇ ದಿನ ತಮ್ಮನ್ನೇ ಬೈದುಕೊಂಡು ಬಿಟ್ಟುಬಿಡುತ್ತಾರೆ. ಅಲ್ಲಿ ಕೆಟ್ಟದ್ದು ಅವರ ಮನೋಬಲ ಅಲ್ಲ, ನಿರೀಕ್ಷೆಯ ಲೆಕ್ಕ.

ನಿಮಗೆ ಈಗಲೇ ಮಾಡಲು ಆಗುವಂಥದ್ದು: ಹಿಂದಿನ ಮೂರು ನಾಲ್ಕು ಕೆಲಸಗಳಿಗೆ ನೀವು ಹೇಳಿದ ದಿನ ಎಷ್ಟು, ನಿಜವಾಗಿ ಹಿಡಿದದ್ದು ಎಷ್ಟು ಅಂತ ಹಳೆಯ ಮೇಲ್ ಮೆಸೇಜು ತೆಗೆದು ನೋಡಿ. ಮುಂದಿನ ಕೆಲಸಕ್ಕೆ ಯಾರಾದರೂ ತಾರೀಕು ಕೇಳಿದರೆ, ಈ ಸಲ ಹೇಗೆ ಮಾಡುತ್ತೇನೆ ಅಂತ ಕಣ್ಣುಮುಚ್ಚಿ ಕಲ್ಪಿಸಿಕೊಳ್ಳುವ ಬದಲು ಆ ಹಳೇ ಲೆಕ್ಕವನ್ನೇ ಹೇಳಿ. ಕೇಳಿದವರ ಮುಖ ಸಪ್ಪಗಾಗಬಹುದು, ಆಗಲಿ ಬಿಡಿ. ತಾರೀಕು ತಪ್ಪಿದ ದಿನ ಆಗುವಷ್ಟಂತೂ ಆಗಲ್ಲ.