‘ಬಂಡಾಯ’ ಹದಿನಾಲ್ಕು ಸಲ, ಬಂಡೆದ್ದವರು ಒಬ್ಬರೂ ಇಲ್ಲ

ಪ್ರಿಯ ಮಿತ್ರರೇ,

ನಿಮ್ಮ ‘ನೋವಿನ ನಾದ, ಬಂಡಾಯದ ಬೆಂಕಿ’ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳು ಬ್ರಿಟನ್ನಿನ ರಾಕ್ ತಂಡಗಳನ್ನು ಹೇಗೆ ರೂಪಿಸಿದವು, ಅಲ್ಲಿನ ಹುಡುಗರು ಹಿರಿಯರ ಮೇಲೆ ಹೇಗೆ ತಿರುಗಿಬಿದ್ದರು ಎಂಬ ವಿಷಯವೇನೋ ಒಳ್ಳೆಯದು. ಲೇಖನವನ್ನು ಮಾತ್ರ ಈಗಿರುವಂತೆ ಪ್ರಕಟಿಸಲಾರೆ. ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲಿನ ಚೀಟಿ ಕಳಿಸಿ ಸುಮ್ಮನಾಗಬಹುದಿತ್ತು. ಮೂರನೆಯ ಪುಟದ ಒಂದು ಸಾಲು ನನ್ನನ್ನು ತಡೆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

‘ಬಂಡಾಯ’ ಪದವನ್ನು ಹದಿನಾಲ್ಕು ಸಲ ಬಳಸಿದ್ದೀರಿ; ಕೆಂಪು ಪೆನ್ನು ಹಿಡಿದು ಎಣಿಸಿದ್ದೇನೆ. ಯಾರ ವಿರುದ್ಧ, ಯಾತಕ್ಕೆ ಎಂಬುದು ಒಂದು ಕಡೆಯೂ ಇಲ್ಲ. ಯುದ್ಧ ಮುಗಿದು ಒಂಬತ್ತು ವರ್ಷವಾದರೂ, ಅಂದರೆ 1954ರವರೆಗೂ, ಬ್ರಿಟನ್ನಿನಲ್ಲಿ ಪಡಿತರ ಚೀಟಿ ಇತ್ತು. ಕಡ್ಡಾಯ ಸೈನಿಕ ಸೇವೆಗೆ ಹುಡುಗರನ್ನು ಕರೆಯುವುದು ನಿಂತದ್ದು 1960ರ ಕೊನೆಗೆ. ಅಣ್ಣಂದಿರು ಕೂದಲು ಕತ್ತರಿಸಿಕೊಂಡು ಎರಡು ವರ್ಷ ಕವಾಯತು ಮಾಡಿದ್ದರು. ತಮ್ಮಂದಿರಿಗೆ ಆ ಎರಡು ವರ್ಷ ಬಿಟ್ಟಿಯಾಗಿ ಸಿಕ್ಕಿತು. ಹಲವರು ಚಿತ್ರಕಲಾ ಶಾಲೆ ಸೇರಿ ಗಿಟಾರ್ ಹಿಡಿದರು. ಕೀತ್ ರಿಚರ್ಡ್ಸ್, ಎರಿಕ್ ಕ್ಲಾಪ್ಟನ್, ಪೀಟ್ ಟೌನ್ಸೆಂಡ್ ಮೂವರೂ ಅಲ್ಲಿಂದಲೇ ಬಂದವರು. ಇಷ್ಟು ಹೇಳಿದರೆ ಬಂಡಾಯ ಎಂಬ ಪದವೇ ಬೇಕಾಗುವುದಿಲ್ಲ. ಬೇಕೇ ಬೇಕು ಎನ್ನುವುದಾದರೆ ಅದರ ನಿಜವಾದ ಅಳತೆಯನ್ನೂ ತೋರಿಸಿ: 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಮೂವರು ಪೆಟ್ರೋಲ್ ಬಂಕಿನ ಗೋಡೆಗೆ ಮೂತ್ರ ಮಾಡಿ ತಲಾ ಐದು ಪೌಂಡ್ ದಂಡ ಕಟ್ಟಿದರು. ನೀವು ಬರೆದ ‘ಸಾಮ್ರಾಜ್ಯದ ಅಡಿಪಾಯ ಅಲುಗಾಡಿತು’ ಎಂಬ ವಾಕ್ಯಕ್ಕಿಂತ ನನಗೆ ಈ ಗೋಡೆಯ ಮೇಲೆ ನಂಬಿಕೆ ಹೆಚ್ಚು.

ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಕೂಡುರಸ್ತೆಯಲ್ಲಿ ಸೈತಾನನಿಗೆ ಆತ್ಮ ಮಾರಿಕೊಂಡ ಕಥೆಯನ್ನು ಕಣ್ಣಾರೆ ಕಂಡವರಂತೆ ಬರೆದಿದ್ದೀರಿ. ಅದು ದಂತಕಥೆ. ಆತ 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ, 27ರ ವಯಸ್ಸಿನಲ್ಲೇ ತೀರಿಕೊಂಡ. ಆ ಹಾಡುಗಳಲ್ಲಿ ಕೆಲವು 1961ರಲ್ಲಿ ಒಂದು ಎಲ್‌ಪಿ ಗ್ರಾಮಫೋನ್ ತಟ್ಟೆಯಾಗಿ ಬಂದದ್ದರಿಂದ ಕ್ಲಾಪ್ಟನ್‌ನಂಥ ಹುಡುಗರ ಕಿವಿಗೆ ಬಿದ್ದವು. ಸೈತಾನನಿಗಿಂತ ಆ ತಟ್ಟೆಯೇ ಹೆಚ್ಚು ಕೆಲಸ ಮಾಡಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ತನ್ನ ಬಾಲ್ಯದ ಪರಿಚಯದ, ಮುಂದೆ ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಜೊತೆಯಾದ ಮಿಕ್ ಜಾಗರ್‌ನನ್ನು ಕಂಡದ್ದು, ಅವನ ಕಂಕುಳಲ್ಲಿ ಅಮೆರಿಕದ ಕಪ್ಪು ಗಾಯಕರಾದ ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ಅವರ ತಟ್ಟೆಗಳಿದ್ದದ್ದು ನಿಮಗೆ ಗೊತ್ತಿದೆ, ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಿ. ಅಂಥದ್ದನ್ನು ಅಡಿಟಿಪ್ಪಣಿಗೆ ತಳ್ಳುವ ಮನಸ್ಸಾದರೂ ಹೇಗೆ ಬಂತು?

ಈಗ ಆ ಸಾಲು. ‘ಮಡ್ಡಿ ವಾಟರ್ಸ್ 1958ರಲ್ಲಿ ಇಂಗ್ಲೆಂಡಿಗೆ ಹೋದಾಗ ಗಿಟಾರಿನ ಸದ್ದು ಅತಿಯಾಯಿತೆಂದು ಕೆಲವರು ಮುಖ ಸಿಂಡರಿಸಿದರು.’ ಇಷ್ಟು ಬರೆದು ಮುಂದಕ್ಕೆ ಓಡಿದ್ದೀರಿ. ನಿಮ್ಮ ಲೇಖನ ಇರುವುದೇ ಇಲ್ಲಿ. ಆಗ ಮಡ್ಡಿ ವಾಟರ್ಸ್ ಅವರಿಗೆ ನಲವತ್ತು ದಾಟಿತ್ತು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು 1943ರಲ್ಲಿ ಷಿಕಾಗೋ ಸೇರಿದ್ದರು. (ಅವರ ಅಡ್ಡಹೆಸರಿಗೂ ನಮ್ಮ ಎಣ್ಣೆ ಡಬ್ಬದ ತಳದ ಮಡ್ಡಿಗೂ ಅರ್ಥ ಅಷ್ಟೇನೂ ದೂರವಿಲ್ಲ.) ಅಲ್ಲಿನ ಹೆಂಡದಂಗಡಿಗಳ ಗದ್ದಲದಲ್ಲಿ ಮರದ ಗಿಟಾರು ಯಾರಿಗೂ ಕೇಳಿಸದು, ಹಾಗಾಗಿ ವಿದ್ಯುತ್ ಗಿಟಾರು. ಇಂಗ್ಲೆಂಡಿನ ರಸಿಕರು ಕಾದಿದ್ದುದೋ ಹೊಲದಿಂದ ನೇರ ಎದ್ದುಬಂದ ಜಾನಪದ ಗಾಯಕನಿಗೆ. ಮುಂದಿನ ಸಲ ಅವರು ಸೌಜನ್ಯಕ್ಕೆಂದು ಮರದ ಗಿಟಾರನ್ನೇ ಒಯ್ದರು. ಅಷ್ಟರಲ್ಲಿ ಹುಡುಗರ ರುಚಿ ಬದಲಾಗಿ, ಆಂಪ್ಲಿಫೈಯರ್ ಎಲ್ಲಿ ಎಂದು ಕೇಳತೊಡಗಿದ್ದರು.

ಇದನ್ನು ಮ್ಯಾಂಚೆಸ್ಟರಿನ ಒಂದು ದೃಶ್ಯದ ಪಕ್ಕದಲ್ಲಿಡಿ. 1964ರ ಮೇ ತಿಂಗಳಲ್ಲಿ ಗ್ರನಾಡಾ ಟೆಲಿವಿಷನ್ನಿನವರು ಪಾಳುಬಿದ್ದ ವಿಲ್ಬ್ರಹಾಂ ರೋಡ್ ರೈಲು ನಿಲ್ದಾಣವನ್ನು ಅಮೆರಿಕದ ದಕ್ಷಿಣ ಸೀಮೆಯ ನಿಲ್ದಾಣದಂತೆ ಸಿಂಗರಿಸಿದರು. ಹಳಿಯ ಒಂದು ಬದಿಯ ಪ್ಲಾಟ್‌ಫಾರ್ಮಿನಲ್ಲಿ ಇಂಗ್ಲಿಷ್ ಹುಡುಗ ಹುಡುಗಿಯರು, ಎದುರು ಬದಿಯಲ್ಲಿ ಹಾಡುವವರು. ಮಳೆ ಬಂತು. ಕುದುರೆ ಗಾಡಿಯಿಂದ ಇಳಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ವಿದ್ಯುತ್ ಗಿಟಾರು ತಗುಲಿಸಿಕೊಂಡು ಮಳೆಯ ಹಾಡನ್ನೇ ಎತ್ತಿಕೊಂಡರು. ಆಕೆ ಮೂಲತಃ ಚರ್ಚಿನ ಗಾಸ್ಪೆಲ್ ಗಾಯಕಿ, ಬ್ಲೂಸ್‌ನವರಲ್ಲ ಎಂದು ತಗಾದೆ ತೆಗೆಯುವವರಿದ್ದಾರೆ, ತೆಗೆಯಲಿ. ಮಡ್ಡಿ ವಾಟರ್ಸ್ ಕೂಡ ಅಲ್ಲಿ ಹಾಡಿದರು. ತಾನು ಬಿಟ್ಟುಬಂದ ಸೀಮೆಯ ಬಣ್ಣದ ನಕಲಿನಲ್ಲಿ ನಿಂತು ಹಾಡುವವನ ಮನಸ್ಸಿನಲ್ಲಿ ಏನಿತ್ತೋ ಎಂದು ನೀವು ಊಹಿಸಿ ಬರೆಯಬೇಡಿ. ನಿಲ್ದಾಣವನ್ನು ತೋರಿಸಿ, ಸಾಕು.

‘ಬಿಳಿಯರು ಎಲ್ಲವನ್ನೂ ಕದ್ದರು’ ಎಂಬ ಪ್ಯಾರಾ ಒಂದೇ ಗುಟುಕಿನ ತೀರ್ಪು. ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್ 1969ರ ‘ಹೋಲ್ ಲಾಟಾ ಲವ್’ ಹಾಡಿನಲ್ಲಿ ಷಿಕಾಗೋದ ಬ್ಲೂಸ್ ಹಾಡುಗಾರ ವಿಲ್ಲಿ ಡಿಕ್ಸನ್ ಅವರ ಸಾಲುಗಳನ್ನು ಹೆಸರು ಹೇಳದೆ ಬಳಸಿತು. ಅವರು 1985ರಲ್ಲಿ ದಾವೆ ಹೂಡಿದ ಮೇಲೆ ರಾಜಿಯಾಯಿತು. ಇದು ನಿಮ್ಮ ಪರ. ಆದರೆ ಅದೇ ಡಿಕ್ಸನ್ ಬರೆದ ‘ಲಿಟಲ್ ರೆಡ್ ರೂಸ್ಟರ್’ ಹಾಡನ್ನು ಸ್ಟೋನ್ಸ್ ತಂಡ 1964ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಒಯ್ದಿತು. ಮರುವರ್ಷ ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕೆ ಕರೆದಾಗ, ಆ ಹಾಡನ್ನು ಮೊದಲು ಧ್ವನಿಮುದ್ರಿಸಿದ್ದ ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕೆಂದು ಪಟ್ಟು ಹಿಡಿದು, ಅವರು ಹಾಡುವಾಗ ಕಾಲ ಬುಡದಲ್ಲಿ ಕುಳಿತು ಕೇಳಿತು. ಎರಡನ್ನೂ ಬರೆಯಿರಿ. ಓದುಗ ಸ್ವಲ್ಪ ಇಕ್ಕಟ್ಟಿಗೆ ಸಿಕ್ಕಿಕೊಳ್ಳಲಿ.

ಬ್ಲೂಸ್ ಎಂದರೆ ಅಮೆರಿಕದ ತತ್ವಪದ ಎಂದಿದ್ದೀರಿ. ಬೇಡ, ಹೊಡೆದುಹಾಕಿದ್ದೇನೆ. ಹೋಲಿಕೆ ಬೇಕಾದರೆ ಕಿವಿಗೆ ಸಂಬಂಧಿಸಿದ್ದನ್ನು ಕೊಡಿ: ವೈಣಿಕರು ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವುದನ್ನು ಕಂಡವರಿಗೆ ಬ್ಲೂಸ್ ಗಿಟಾರಿನ ಬಳುಕು ಸ್ವರವನ್ನು ಅರ್ಧ ವಾಕ್ಯದಲ್ಲಿ ಹೇಳಬಹುದು. ಹಾಡಿನ ಕಟ್ಟು ಇನ್ನೂ ಸುಲಭ. ಒಂದು ಸಾಲು, ಮತ್ತೆ ಅದೇ ಸಾಲು, ಮೂರನೆಯದರಲ್ಲಿ ಉತ್ತರ, ಕೆಲವೊಮ್ಮೆ ಕೊಂಕು. ಆ ಕೊಂಕು ನಿಮ್ಮ ‘ನೋವು, ನರಳಾಟ, ಕಣ್ಣೀರು’ಗಳ ಪಟ್ಟಿಯಲ್ಲಿ ತಪ್ಪಿಹೋಗಿದೆ.

ಮೂರು ಸಾವಿರ ಪದಗಳನ್ನು ಒಂದೂವರೆ ಸಾವಿರಕ್ಕೆ ಇಳಿಸಿ, 1958ರಿಂದ ಆರಂಭಿಸಿ, ತಿಂಗಳೊಳಗೆ ಕಳಿಸಿ. ಶೀರ್ಷಿಕೆಯನ್ನು ಕೊನೆಗೆ ಯೋಚಿಸಿದರಾಯಿತು. ಬೆಂಕಿ ಮಾತ್ರ ಬೇಡ. ಈ ಸಂಚಿಕೆಗೆ ಈಗಾಗಲೇ ಎರಡು ಬೆಂಕಿಗಳು ಬಂದಿವೆ.

ಇಂತಿ,
ಸಂಪಾದಕ