ರಿನೈಸಾನ್ಸ್ (ಸುಮಾರು 14ರಿಂದ 16ನೇ ಶತಮಾನ) ಕಾಲದ ಇಟಲಿಯ ಸಣ್ಣ ಊರುಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಯಾರು?

ನೀವು ಮೂರು ವಿಷಯ ಕೇಳಿದ್ದೀರಿ. ಫ್ಲಾರೆನ್ಸ್, ವೆನಿಸ್ ಬಿಟ್ಟರೆ ಬೇರೆ ಊರುಗಳಲ್ಲಿ ಶಾಲೆ ಇತ್ತಾ? ಅದನ್ನು ಚರ್ಚ್ ನಡೆಸುತ್ತಿತ್ತಾ? ಹೆಣ್ಣುಮಕ್ಕಳೂ ಓದುತ್ತಿದ್ದರಾ? ನನಗೆ ತುಂಬಾ ಇಷ್ಟದ ವಿಷಯ ಇದು. ಎಲ್ಲ ಊರುಗಳನ್ನೂ ಬೆರೆಸುವ ಬದಲು ಮಧ್ಯ ಇಟಲಿಯ ಟಸ್ಕನಿ ಪ್ರಾಂತ್ಯದ ಅರೆಟ್ಸೊ ಊರು ಒಂದನ್ನೇ ಹಿಡಿದು ಹೇಳುತ್ತೇನೆ.

ಶಾಲೆ ಇತ್ತು. ಅದಕ್ಕೆ ಮೇಷ್ಟ್ರನ್ನು ಕರೆಸಿ ಸಂಬಳ ಕೊಡುತ್ತಿದ್ದದ್ದು ಊರಿನ ಆಡಳಿತ, ಚರ್ಚ್ ಅಲ್ಲ. 1255ರಲ್ಲೇ ಅರೆಟ್ಸೊದ ಮೇಷ್ಟ್ರುಗಳು ಒಟ್ಟು ಸೇರಿ, ಯಾರು ವ್ಯಾಕರಣ, ತರ್ಕ, ವೈದ್ಯ ಕಲಿಸಬಹುದು ಅಂತ ನಿಯಮ ಬರೆದುಕೊಂಡಿದ್ದರು. 1384ರಲ್ಲಿ ಫ್ಲಾರೆನ್ಸ್ ಈ ಊರನ್ನು ದುಡ್ಡು ಕೊಟ್ಟು ಕೊಂಡುಕೊಂಡಿತು. ಊರಿನ ಸ್ವಾತಂತ್ರ್ಯ ಹೋಯಿತು, ಆದರೆ ಊರೇ ಮೇಷ್ಟ್ರಿಗೆ ಸಂಬಳ ಕೊಡುವ ಪದ್ಧತಿ ನಿಲ್ಲಲಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಆಗ ಫ್ಲಾರೆನ್ಸಲ್ಲಿ ಹೆಚ್ಚಿನ ಪಾಠ ಖಾಸಗಿಯಾಗಿ ನಡೆಯುತ್ತಿತ್ತು. ಅಲ್ಲಿ ಮಕ್ಕಳು ಜಾಸ್ತಿ, ಮೇಷ್ಟ್ರುಗಳು ಫೀಸಿನಲ್ಲೇ ಬದುಕಬಹುದಿತ್ತು. 1338ರ ಸುಮಾರಿಗೆ ಅಲ್ಲಿ 8ರಿಂದ 10 ಸಾವಿರ ಮಕ್ಕಳು ಓದಲು ಕಲಿಯುತ್ತಿದ್ದರು ಅಂತ ಆ ಕಾಲದ ಫ್ಲಾರೆನ್ಸಿನ ಚರಿತ್ರೆಕಾರ ಜೊವಾನ್ನಿ ವಿಲ್ಲಾನಿ ಬರೆದಿಟ್ಟಿದ್ದಾನೆ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು ಅನ್ನುವವರಿದ್ದಾರೆ. ಸಣ್ಣ ಊರಲ್ಲಿ ಅಷ್ಟು ಮಕ್ಕಳು ಎಲ್ಲಿಂದ ಬರಬೇಕು? ಬರೀ ಫೀಸು ನಂಬಿಕೊಂಡು ಒಳ್ಳೆಯ ಮೇಷ್ಟ್ರು ಬರುತ್ತಿರಲಿಲ್ಲ. ಅದಕ್ಕೇ ಅರೆಟ್ಸೊ, ಸಾನ್ ಜಿಮಿನ್ಯಾನೊ ಥರದ ಊರುಗಳು ಬೇರೆ ಊರಿನಿಂದ ಮೇಷ್ಟ್ರನ್ನು ಹುಡುಕಿ ಕರೆತರುತ್ತಿದ್ದವು. ಒಂದೆರಡು ವರ್ಷದ ಕರಾರು, ಖಜಾನೆಯಿಂದ ಸಂಬಳ. ಎಷ್ಟೋ ಕಡೆ ಇರಲು ಮನೆಯನ್ನೂ ಕೊಡುತ್ತಿದ್ದರು. ಮೇಲೆ ಮಕ್ಕಳಿಂದ ಫೀಸು ತೆಗೆದುಕೊಳ್ಳಬಹುದು. ಅಕ್ಷರ ಕಲಿಯುವವನಿಗೆ ಕಡಿಮೆ, ಲ್ಯಾಟಿನ್ ಬರೆಯುವ ಹಂತಕ್ಕೆ ಬಂದವನಿಗೆ ಜಾಸ್ತಿ.

ಕಲಿಸುತ್ತಿದ್ದದ್ದು ಹೇಗೆ ಅನ್ನುವುದು ಇನ್ನೂ ಸ್ವಾರಸ್ಯ. ಐದಾರು ವರ್ಷದ ಹುಡುಗನ ಕೈಗೆ ಮೊದಲು ಒಂದು ಹಲಗೆ. ಅದಕ್ಕೆ ಅಂಟಿಸಿದ ಹಾಳೆಯಲ್ಲಿ ಅಕ್ಷರಮಾಲೆ, ಅದರ ಮುಂದೆ ಒಂದು ಶಿಲುಬೆ ಗುರುತು. ಆಮೇಲೆ ಪ್ರಾರ್ಥನೆಗಳ ಸಣ್ಣ ಪುಸ್ತಕ. ಅದಾದ ಮೇಲೆ 'ದೊನಾತೊ' ಅಂತ ಕರೆಯುತ್ತಿದ್ದ ಲ್ಯಾಟಿನ್ ವ್ಯಾಕರಣ. ಅದನ್ನು ಎರಡು ಸಲ ಓದಬೇಕು. ಮೊದಲ ಸಲ ಅರ್ಥ ಗೊತ್ತಿಲ್ಲದೆ ಸುಮ್ನೆ ಅಕ್ಷರ ಕೂಡಿಸಿ ಓದುವುದು. ಎರಡನೇ ಸಲ ಅರ್ಥ ತಿಳಿದು ಬಾಯಿಪಾಠ ಮಾಡುವುದು. ರಿನೈಸಾನ್ಸ್ ಬಂದ ತಕ್ಷಣ ತರಗತಿ ಪೂರ್ತಿ ಬದಲಾಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ದೊಡ್ಡ ಹುಡುಗರ ಪಾಠಕ್ಕೆ ಪ್ರಾಚೀನ ರೋಮಿನ ಲೇಖಕರಾದ ಸಿಸೆರೊ, ವರ್ಜಿಲ್ ಹೆಚ್ಚು ಬಂದರು, ನಿಜ. ಚಿಕ್ಕವರ ಕೈಯಲ್ಲಿ ಹಳೆಯ ದೊನಾತೊ ಹಾಗೇ ಉಳಿಯಿತು.

ಬಾಯಿಪಾಠದ ಜೋರು ಎಷ್ಟಿತ್ತು ಅನ್ನುವುದಕ್ಕೆ ಅರೆಟ್ಸೊದಲ್ಲೇ ಹುಟ್ಟಿದ, ಮುಂದೆ ಚಿತ್ರಕಾರನೂ ಕಲಾವಿದರ ಜೀವನಚರಿತ್ರೆ ಬರೆದವನೂ ಆದ ಜಾರ್ಜೊ ವಸಾರಿಯ ಮಾತು ಕೇಳಿ. 1524ರ ಸುಮಾರಿಗೆ ಕಾರ್ಡಿನಲ್ (ಪೋಪ್‌ಗಿಂತ ಕೆಳಗಿನ ಹಿರಿಯ ಧರ್ಮಾಧಿಕಾರಿ) ಪಸ್ಸೆರೀನಿ ಊರಿಗೆ ಬಂದಾಗ ಅಪ್ಪ ಮಗನನ್ನು ಕರೆದುಕೊಂಡು ಹೋದ. ಈ ಹುಡುಗನಿಗೆ ವರ್ಜಿಲ್‌ನ 'ಈನಿಡ್' ಕಾವ್ಯದ ದೊಡ್ಡ ಭಾಗವೇ ಬಾಯಿಗೆ ಬರುತ್ತಿತ್ತು. ಕಾರ್ಡಿನಲ್ ಅದನ್ನು ಅವನ ಬಾಯಲ್ಲೇ ಕೇಳಿದ, ಫ್ಲಾರೆನ್ಸಿಗೆ ಕರೆದುಕೊಂಡು ಬಾ ಅಂತ ಅಪ್ಪನಿಗೆ ಹೇಳಿದ. ಇದನ್ನು ಬರೆಯುವಾಗ ವಸಾರಿ ತನ್ನ ಮೇಷ್ಟ್ರುಗಳಾದ ಅಂತೋನಿಯೊ ದ ಸಕ್ಕೋನೆ, ಪೊಲ್ಲಾಸ್ತ್ರ ಇಬ್ಬರ ಹೆಸರನ್ನೂ ಹೇಳುತ್ತಾನೆ. ನನಗೆ ಅದು ತುಂಬಾ ಮೆಚ್ಚುಗೆಯಾಯಿತು. ಸಣ್ಣ ಊರಿನ ಮೇಷ್ಟ್ರನ್ನು ನೆನಪಿಟ್ಟು ಹೆಸರು ಹೇಳುವವರು ಎಷ್ಟು ಜನ ಇದ್ದಾರೆ, ಹೇಳಿ.

ವ್ಯಾಪಾರಕ್ಕೆ ಹೋಗುವ ಹುಡುಗರದು ಬೇರೆ ದಾರಿ. ಓದು ಬಂದ ಮೇಲೆ, ಹತ್ತು-ಹನ್ನೊಂದರ ವಯಸ್ಸಿಗೆ, ಎರಡು ವರ್ಷ 'ಅಬಾಕೊ' ಶಾಲೆ. ಹೆಸರು ಕೇಳಿ ಮಣಿಚೌಕಟ್ಟು ಅಂದುಕೊಳ್ಳಬೇಡಿ. ಕಾಗದದ ಮೇಲೆ ಲೆಕ್ಕ ಮಾಡುವುದು, ಅದೂ ನಮ್ಮ ದೇಶದಿಂದ ಅರಬರ ಮೂಲಕ ಅಲ್ಲಿಗೆ ಹೋದ ಅಂಕಿಗಳಲ್ಲಿ. ಮಗ್ಗಿ, ನಾಣ್ಯ ವಿನಿಮಯ, ಪಾಲುದಾರಿಕೆ, ಬಡ್ಡಿ, ಎಲ್ಲಕ್ಕೂ ಬುನಾದಿಯಾಗಿ ತ್ರೈರಾಶಿ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ. 9ನೇ ಶತಮಾನದಲ್ಲಿ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ವಿವರಿಸಿದ ಅದೇ ತ್ರೈರಾಶಿ! ಅರೆಟ್ಸೊ ಹತ್ತಿರದ ಸಾನ್‌ಸೆಪೋಲ್ಕ್ರೊ ಊರಿನ ಚಿತ್ರಕಾರ ಪಿಯೆರೊ ದೆಲ್ಲ ಫ್ರಾಂಚೆಸ್ಕ ಕೂಡ ಇಂಥ ಲೆಕ್ಕದ ಪುಸ್ತಕ ಬರೆದಿದ್ದಾನೆ.

ಕೊನೆಗೆ ಹೆಣ್ಣುಮಕ್ಕಳು. ವಿಲ್ಲಾನಿಯ ಲೆಕ್ಕದಲ್ಲಿ ಹುಡುಗಿಯರೂ ಇದ್ದಾರೆ, ಆದರೆ ಅದು ಓದಲು ಕಲಿಯುವ ಹಂತ ಮಾತ್ರ. ಮನೆಯಲ್ಲಿ, ಕನ್ಯಾಮಠದಲ್ಲಿ ಕಲಿತವರೂ ಇದ್ದರು. ಊರಿನ ಲ್ಯಾಟಿನ್ ಶಾಲೆ ಮಾತ್ರ ಹುಡುಗರದೇ. ಅರೆಟ್ಸೊದವನೇ ಆದ ವಿದ್ವಾಂಸ ಲಿಯೊನಾರ್ಡೊ ಬ್ರೂನಿ 1420ರ ದಶಕದಲ್ಲಿ ಬಟ್ಟಿಸ್ತ ಮಲಟೆಸ್ಟ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳಿಗೆ ಏನೇನು ಓದಬೇಕು ಅಂತ ದೊಡ್ಡ ಪತ್ರವನ್ನೇ ಬರೆದ. ಇತಿಹಾಸ, ಕಾವ್ಯ, ಸಿಸೆರೊ ಎಲ್ಲ ಓದು ಅಂದ. ನ್ಯಾಯಾಲಯದಲ್ಲಿ ವಾದ ಮಾಡುವಂಥ ಭಾಷಣ ಕಲೆ ಮಾತ್ರ ಹೆಂಗಸಿಗೆ ಬೇಡ ಅಂದುಬಿಟ್ಟ. ಅಷ್ಟು ಓದಿದವನೂ ಅಲ್ಲಿಗೇ ನಿಂತನಲ್ಲಾ ಅಂತ ನನಗೆ ಪ್ರತಿ ಸಲ ಬೇಜಾರಾಗುತ್ತದೆ.